ನಮ್ಮ ಮನೆಗೆ ತೆರಿಯಕ್ಕ ಬಂದದ್ದು

ನಮ್ಮ ಮಾವನವರು ಕೂತದ್ದನ್ನು ನೋಡಿದವರು ಇಡೀ ಕುರುಬರಹಳ್ಳಿಯಲ್ಲಿ ಒಬ್ಬರೂ ಸಿಗಲಾರರು. ಮಾವ ಎಂದರೆ ನನ್ನ ಗಂಡನ ತಂದೆ. ನಮ್ಮ ಮದುವೆಯ ಆಲ್ಬಮ್ಮನ್ನು ಬೇಕಾದರೆ ತೆಗೆದು ನೋಡಿ. ಎಲ್ಲ ಫೋಟೋಗಳಲ್ಲೂ ಅವರು ಅಂಚಿನಲ್ಲಿ ಅರ್ಧ ಮೈ ಮಾತ್ರ ಉಳಿಸಿ ಎಲ್ಲಿಗೋ ಹೊರಟಿದ್ದಾರೆ. ಒಂದರಲ್ಲಿ ಬರೀ ಮೊಣಕೈ ಇದೆ. ಅದು ಮಾವನದೇ ಎಂದು ಅತ್ತೆ ಶರ್ಟಿನ ತೋಳಿನ ಮಡಿಕೆ ನೋಡಿ ಗುರುತು ಹಿಡಿದರು.

ಪೇಪರನ್ನು ಅವರು ನಡೆಯುತ್ತಲೇ ಓದುತ್ತಾರೆ. ಮೊದಲ ಪುಟ ಹಾಲಿನಲ್ಲಿ, ಎರಡನೆಯದು ಬಾಲ್ಕನಿಯಲ್ಲಿ, ಕ್ರೀಡಾಪುಟ ಮೆಟ್ಟಿಲ ಮೇಲೆ. ನನ್ನ ಗಂಡನಿಗೆ ಪೂರ್ತಿ ಪೇಪರು ಬೇಕಾದರೆ ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಪುಟ ಕೂಡಿಸಿಕೊಂಡು ಬರಬೇಕು. ಕಾಫಿಯನ್ನೂ ನಿಂತೇ ಕುಡಿಯುತ್ತಾರೆ. ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವರು. "ಕೂತ್ಕೊಂಡು ಮಾಡೋ ಕೆಲ್ಸ ನಂಗೆ ಯಾರೂ ಕಲಿಸ್ಲಿಲ್ಲ ಕಣಮ್ಮ" ಎಂದು ನನಗೆ ಹೇಳಿದರು. ಕೂರುವುದೇ ಒಂದು ಕೆಲಸ ಎಂದು ತಿಳಿದಿರುವವರಿಗೆ ಏನು ಹೇಳುವುದು?

ಮೆಟ್ರೋದ ಕತೆಯಂತೂ ಕೇಳಲೇಬೇಕು. ಒಮ್ಮೆ ವಿಜಯನಗರದಲ್ಲಿ ರೈಲು ಹತ್ತಿದರು. ಒಬ್ಬ ಹುಡುಗಿ ಎದ್ದು, "ತಾತ, ಕೂತ್ಕೊಳಿ" ಅಂದಳು. ಮಾವ, "ಬೇಡಮ್ಮ, ನಾನು ಮುಂದಿನ ಸ್ಟೇಷನ್ನಲ್ಲೇ ಇಳೀತೀನಿ" ಅಂದರು. ಮುಂದಿನ ನಿಲ್ದಾಣ ಬಂತು. ಹುಡುಗಿ ಇವರನ್ನೇ ನೋಡುತ್ತಿದ್ದಾಳೆ. ಕೊಟ್ಟ ಮಾತು ತಪ್ಪುವುದು ಹೇಗೆ? ಇಳಿದುಬಿಟ್ಟರು. ಹಿಂದೆ ಬಂದ ರೈಲು ಹತ್ತಿದರೆ ಅಲ್ಲೊಬ್ಬ ಯುವಕ ಎದ್ದ. ಹೀಗೆ ವಿಜಯನಗರದಿಂದ ಮೆಜೆಸ್ಟಿಕ್ಕಿಗೆ ಹೋಗಲು ಮೂರು ರೈಲು ಬದಲಾಯಿಸಿದ ಮನುಷ್ಯ ಬೆಂಗಳೂರಿನಲ್ಲಿ ನಮ್ಮ ಮಾವ ಒಬ್ಬರೇ ಇರಬೇಕು.

ನಿವೃತ್ತಿಯಾದ ಮೇಲೆ ಅವರ ಕೈಗೆ ಮನೆಯ ವಸ್ತುಗಳು ಸಿಕ್ಕವು. ಮಿಕ್ಸಿ ಸದ್ದು ಮಾಡುತ್ತದೆ ಎಂದು ಬಿಚ್ಚಿದರು. ಜೋಡಿಸಿದ ಮೇಲೆ ಸದ್ದೇನೋ ಹೋಯಿತು, ಆದರೆ ಆಫ್ ಆಗುವುದು ನಿಂತಿತು. ಚಟ್ನಿ ರುಬ್ಬಿದ ಮೇಲೆ ಓಡಿಹೋಗಿ ಪ್ಲಗ್ ಕೀಳಬೇಕು. ನಾನು ದೂರಿದ್ದಕ್ಕೆ, "ಆನ್ ಆಗುತ್ತೆ ತಾನೆ?" ಎಂದು ಸಮಾಧಾನವಾಗಿ ಕೇಳಿದರು. ತಮ್ಮ ಕೆಲಸದಲ್ಲಿ ತಪ್ಪಿದೆ ಎಂದು ಅವರು ಒಪ್ಪಿದ್ದನ್ನು ನಾನಂತೂ ಕಂಡಿರಲಿಲ್ಲ. ತಪ್ಪು ಯಾವಾಗಲೂ ಸ್ಕ್ರೂನದು, ಕರೆಂಟಿನದು, ಇಲ್ಲವೇ ಆ ವಸ್ತುವನ್ನು ಕಂಡುಹಿಡಿದ ಪುಣ್ಯಾತ್ಮನದು.

ಈ ನಡುವೆ ಅತ್ತೆಗೆ ಲಕ್ವ ಹೊಡೆಯಿತು. ಒಂದು ಬೆಳಿಗ್ಗೆ ಒಗ್ಗರಣೆ ಸೌಟು ಕೈಯಿಂದ ಜಾರಿತು, ಮಾತು ತೊದಲಿತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ದೊಡ್ಡ ಗಂಡಾಂತರ ತಪ್ಪಿತು. ಮಾತು ಮರಳಿತು, ನಡಿಗೆಯೂ ಮರಳಿತು. ಬಲಗೈ ಮಾತ್ರ ಪೂರ್ತಿ ಮರಳಲಿಲ್ಲ. ಅವರು ತಮ್ಮ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ಒಬ್ಬರೇ ಊಟ ಮಾಡತೊಡಗಿದರು. ಮೊದಲು ನಮ್ಮ ಮನೆಯ ಭಾನುವಾರದ ಕೋಳಿಸಾರು ಅವರದೇ ಆಗಿತ್ತು. ಈಗ ನಾನು ಮಾಡುತ್ತಿದ್ದೆ. ಮೂರನೇ ಭಾನುವಾರ ಅವರು, "ನಂಗೆ ಬೇಡ ಕಣೇ, ಯಾಕೋ ಈಗ ಕೋಳಿ ಸೇರಲ್ಲ" ಅಂದರು. ಮಾತ್ರೆಗಳಿಂದ ಬಾಯಿರುಚಿ ಕೆಟ್ಟಿರಬೇಕು ಎಂದು ನಾನು ನಂಬಿದೆ. ಅವರಿಗೆ ಬೇಳೆಸಾರು, ನಮಗೆ ಕೋಳಿಸಾರು, ಹೀಗೆ ನಡೆಯಿತು.

ಆಗಲೇ ಮಾವನ ಓಡಾಟ ಎರಡು ಪಟ್ಟಾದದ್ದು. ಹಾಲಿನಿಂದ ಅತ್ತೆಯ ಕೋಣೆ, ಅಲ್ಲಿಂದ ಬಾಲ್ಕನಿ, ಬಾಲ್ಕನಿಯಿಂದ ಮತ್ತೆ ಕೋಣೆ. ಆರನೇ ಕ್ಲಾಸಿನ ನನ್ನ ಮಗಳು ಪರೀಕ್ಷೆಗೆ ಓದುವಾಗ, "ತಾತ, ನೀವು ಹೋಗ್ತಾ ಬರ್ತಾ ಇದ್ರೆ ನಂಗೆ ತಲೆ ತಿರುಗುತ್ತೆ" ಅಂದಳು. ಅವರು ಅವಳ ಹಿಂದುಗಡೆ ನಡೆಯತೊಡಗಿದರು. ನಾನು ಶಾಲೆಯಲ್ಲಿ ಆರು ಪೀರಿಯಡ್ ಪಾಠ ಮಾಡಿ ಬಂದವಳು, ಆ ಚಪ್ಪಲಿಯ ಚಟಪಟಕ್ಕೆ ನನಗೂ ಒಂದು ಕಡೆ ನೆಮ್ಮದಿಯಾಗಿ ನಿಲ್ಲಲು ಆಗುತ್ತಿರಲಿಲ್ಲ. ಮನೆಯೇ ಬಸ್‌ಸ್ಟ್ಯಾಂಡಿನಂತಾಗಿತ್ತು.

ಒಂದು ಸಂಜೆ ಮಗಳು ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಿದ್ದಳು. ಮಾವ ಅವಳ ಭುಜದ ಮೇಲಿಂದ ಇಣುಕಿ ನಿಂತರು. ನಿಂತವರು ಕದಲಲಿಲ್ಲ.

"ಏನದು ಪುಟ್ಟಿ?"

"ತೆರಿಯಾಕಿ ಚಿಕನ್ ಬೈಟ್ಸ್ ತಾತ. ಜಪಾನಿಂದು. ಈಸಿ, ಮನೇಲೇ ಮಾಡ್ಬೋದಂತೆ."

"ಇನ್ನೊಂದ್ಸಲ ಹಾಕು."

ಅದನ್ನು ಅವರು ಹನ್ನೊಂದು ಸಲ ನೋಡಿದರು. ಮುಂದಿನ ಭಾನುವಾರ ಚೀಲ ಹಿಡಿದು ನನ್ನನ್ನೂ ಎಳೆದುಕೊಂಡು ಕೋಳಿ ಅಂಗಡಿಗೆ ಹೊರಟರು.

"ತೆರಿಯಕ್ಕಂಗೆ ಒಂದು ಕೇಜಿ ಬೋನ್‌ಲೆಸ್ ಕೊಡಪ್ಪ" ಅಂದರು.

ಅಂಗಡಿಯವನು ಕತ್ತಿ ಎತ್ತಿದವನು ಹಾಗೇ ನಿಂತ. "ಯಾವ ಅಕ್ಕಂಗೆ ಸಾರ್?"

"ಅಕ್ಕ ಅಲ್ಲಯ್ಯ, ಅಡುಗೆ ಹೆಸರು ಅದು. ತೆರಿಯಕ್ಕ."

"ಸರಿ ಸಾರ್, ಕಬಾಬ್ ಸೈಜ್ ಮಾಡ್ಲಾ?"

ಮಾವ ಜೇಬಿನಿಂದ ವರ್ಕ್‌ಶಾಪಿನ ಉಕ್ಕಿನ ಸ್ಕೇಲು ತೆಗೆದರು. "ಮುಕ್ಕಾಲು ಇಂಚು. ಜಾಸ್ತಿ ಆಗ್ಬಾರ್ದು."

ನನ್ನ ಹಿಂದೆ ಸಾಲಿನಲ್ಲಿ ಏಳೆಂಟು ಜನ. ಅಂಗಡಿಯವನು ಮೂರು ತುಂಡು ಕತ್ತರಿಸಿದ. ಮಾವ ಅಳತೆ ಹಿಡಿದು ಎರಡನ್ನು ವಾಪಸು ಮಾಡಿದರು. ಅವನು ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟು, "ಸಾರ್, ಇದು ಕೋಳಿ. ಒತ್ತಿದ್ರೆ ಒಂದಿಂಚು, ಬಿಟ್ರೆ ಒಂದೂವರೆ" ಅಂದ. ನನಗೆ ಅವನ ಮಾತು ನ್ಯಾಯವಾಗಿಯೇ ಕಂಡಿತು. ಕಡೆಗೆ ಇಡೀ ಮಾಂಸವನ್ನು ಹಾಗೇ ಕಟ್ಟಿಸಿಕೊಂಡು ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ತಾವೇ ಕತ್ತರಿಸಿದರು. ಪ್ರತಿ ತುಂಡೂ ಅಚ್ಚಿನಲ್ಲಿ ಒತ್ತಿದಂತೆ ಬಂತು, ಅದನ್ನು ಒಪ್ಪಲೇಬೇಕು.

ವಿಡಿಯೋದಲ್ಲಿ ಅಕ್ಕಿಯಿಂದ ಮಾಡಿದ ಜಪಾನಿನ ಯಾವುದೋ ಸಿಹಿ ಮದ್ಯವನ್ನು ಸುರಿಯುತ್ತಿದ್ದರು. "ಅದೊಂದು ಬೇಡ" ಎಂದು ಮಾವ ಅದರ ಜಾಗಕ್ಕೆ ಬೆಲ್ಲವನ್ನೂ ಒಂದಿಷ್ಟು ವಿನಿಗರನ್ನೂ ನೇಮಿಸಿದರು. ಶುಂಠಿ, ಬೆಳ್ಳುಳ್ಳಿ ತುರಿದರು. ಸೋಯಾ ಸಾಸಿನ ಮುಚ್ಚಳ ತೆಗೆದು ಮೂಸಿ, "ಇದು ನಮ್ಮ ಗೋಬಿ ಮಂಚೂರಿ ಗಾಡಿ ವಾಸ್ನೆ ಅಲ್ವಾ? ಇದಕ್ಕೋಸ್ಕರ ಜಪಾನಿಗೆ ಯಾಕೆ ಹೋಗ್ಬೇಕಿತ್ತು?" ಅಂದರು.

ಮೊದಲ ಸಲ ಸಾಸ್ ಗಟ್ಟಿಯಾಗಲೆಂದು ಕಾರ್ನ್‌ಫ್ಲೋರನ್ನು ಕೈತುಂಬ ಹಾಕಿದರು. ಸಾಸ್ ಗೋಂದಾಯಿತು. ಸೌಟು ಬಾಂಡಲಿಯಲ್ಲಿ ತಾನಾಗಿಯೇ ನೆಟ್ಟಗೆ ನಿಂತಿತು. ನನ್ನ ಗಂಡ ಅದನ್ನು ಹಿಡಿದು ಎತ್ತಿದರೆ ಬಾಂಡಲಿಯೂ ಜೊತೆಗೇ ಎದ್ದು ಬಂತು. "ಹಿಟ್ಟು ಹಳೇದು" ಅಂದರು ಮಾವ.

ಎರಡನೇ ಭಾನುವಾರ ಸೋಯಾ ಸಾಸು ಅರ್ಧ ಬಾಟಲಿ ಬಿತ್ತು. ಮಗಳು ಒಂದು ತುಂಡು ತಿಂದು ಮೂರು ಲೋಟ ನೀರು ಕುಡಿದಳು. ನನ್ನ ಗಂಡ ಮೊಸರನ್ನದ ಕಡೆ ಹೊರಳಿದರು. "ಬಾಟ್ಲಿ ಬಾಯಿ ದೊಡ್ಡದಾಗಿ ಮಾಡಿದಾರೆ ಬೇವಾರ್ಸಿಗಳು" ಅಂದರು ಮಾವ.

ಮೂರನೇ ಸಲ ಎಲ್ಲವೂ ಸರಿಯಾಗಿತ್ತು. ಒಲೆಯ ಮುಂದೆ ನಿಂತಿದ್ದರೆ ಗೆಲ್ಲುತ್ತಿದ್ದರು. ಆದರೆ ಲೇತ್ ಬಿಟ್ಟ ಮೇಲೆ ಒಂದೇ ಕಡೆ ಹತ್ತು ನಿಮಿಷ ನಿಲ್ಲುವುದಾದರೂ ಅವರಿಂದ ಸಾಧ್ಯವೇ? ಸೌಟು ಹಿಡಿದುಕೊಂಡೇ ಅತ್ತೆಯ ಕೋಣೆಗೆ ಇಣುಕಲು ಹೋದರು, ಅಲ್ಲಿಂದ ಮೋಟಾರ್ ಆಫ್ ಮಾಡಲು ಕೆಳಗೆ ಹೋದರು, ಕೆಳಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗುತ್ತಿರಲಿಲ್ಲ. ಬೆಲ್ಲ ಪಾಕವಾಗಿ, ಪಾಕ ಕಪ್ಪಾಗಿ, ಕಪ್ಪು ಹೊಗೆಯಾಯಿತು. ಮೇಲಿನ ಮನೆಯ ಆಂಟಿ ಮೂಗಿಗೆ ಸೆರಗು ಹಿಡಿದು ಇಳಿದುಬಂದು, "ಏನಾದ್ರೂ ಹೋಮ ಮಾಡಿಸ್ತಿದೀರಾ?" ಎಂದು ಕೇಳಿದರು. ನಾನು, "ಇಲ್ಲ, ಕೋಳಿ" ಎಂದೆ. ಅವರು ಬಂದಷ್ಟೇ ವೇಗವಾಗಿ ಮೆಟ್ಟಿಲು ಹತ್ತಿದರು.

ಈ ಮೂರೂ ಭಾನುವಾರ ಅತ್ತೆ ಊಟಕ್ಕೆ ತಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. ಬೇಳೆಸಾರನ್ನ ತಿಂದು ಮಲಗಿದರು.

ನಾಲ್ಕನೇ ಭಾನುವಾರ ಬೆಳಿಗ್ಗೆ ಮಾವ ಮತ್ತೆ ಸ್ಕೇಲು ಜೇಬಿಗಿಳಿಸಿಕೊಂಡದ್ದನ್ನು ಕಂಡಾಗ ನನ್ನ ಸಹನೆ ಮುಗಿಯಿತು. ಹಿಂದಿನ ವಾರದ ಬಾಂಡಲಿಯನ್ನು ತಿಕ್ಕಿ ತಿಕ್ಕಿ ನನ್ನ ಉಗುರುಗಳು ಇನ್ನೂ ಕಪ್ಪಾಗಿದ್ದವು. ಕೇಳುವಾಗ ದನಿ ಸ್ವಲ್ಪ ಜೋರಾಗಿಯೇ ಬಂತು.

"ಮಾವ, ಸಾಕು ಬಿಡಿ. ಆರಾಮಾಗಿ ಸಾರು ಮಾಡ್ಕೊಂಡು ಮುದ್ದೆ ತಿನ್ನೋಣ. ಯಾರಿಗೆ ಬೇಕಾಗಿದೆ ಈ ತೆರಿಯಕ್ಕ?"

ಸ್ಕ್ರೂ, ಕರೆಂಟು, ಜಪಾನಿನವರು, ಯಾರ ಮೇಲಾದರೂ ಹಾಕುತ್ತಾರೆ ಎಂದುಕೊಂಡಿದ್ದೆ. ಮಾವ ಅತ್ತೆಯ ಕೋಣೆಯ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು.

"ಸಾರಲ್ಲಿ ಮೂಳೆ ಇರುತ್ತೆ ಕಣಮ್ಮ."

ನನಗೆ ಅರ್ಥವಾಗಲಿಲ್ಲ.

"ಅವಳು ಕೋಳಿ ಸೇರಲ್ಲ ಅಂದ್ಲಲ್ಲ, ಅದರ ಹಿಂದಿನ ವಾರ ನಾನು ಬಾಗಿಲ ಸಂದೀಲಿ ನೋಡ್ದೆ. ಎಡಗೈಲಿ ಮೂಳೆ ಹಿಡ್ಕೊಂಡು ಹಲ್ಲಲ್ಲಿ ಎಳೀತಿದ್ಲು. ಬರ್ಲಿಲ್ಲ. ಬಲಗೈ ಒತ್ತು ಕೊಡಲ್ವಲ್ಲ. ಸೀರೆ ಮೇಲೆಲ್ಲ ಸಾರು. ಒರೆಸ್ಕೊಂಡು, ಆ ತುಂಡನ್ನ ಅನ್ನದ ಕೆಳಗೆ ಮುಚ್ಚಿಟ್ಲು, ನಿಮಗೆ ಕಾಣ್ಬಾರ್ದು ಅಂತ."

ತಟ್ಟೆ ತೊಳೆದವಳು ನಾನೇ. ಅನ್ನದ ಕೆಳಗಿನ ತುಂಡನ್ನು ನೋಡಿ, ಕಾಣದೆ ಬಿಟ್ಟಿದ್ದಾರೆ ಎಂದುಕೊಂಡಿದ್ದೆ.

"ಅವರಿಗೆ ಬೋನ್‌ಲೆಸ್ ಹಾಕಿ ಬೇರೆ ಸಾರು ಮಾಡ್ತಿದ್ನಲ್ಲ ಮಾವ, ಒಂದು ಮಾತು ಹೇಳ್ಬಾರ್ದಿತ್ತಾ?"

"ಹಂಗೆ ಮಾಡಿದ್ರೆ ಅದು ರೋಗಿ ಊಟ ಆಗುತ್ತೆ. ಅವಳು ಮುಟ್ಟಲ್ಲ. ಇದು ನೋಡು, ಹುಟ್ಟಿದ್ದೇ ಸಣ್ಣದಾಗಿ. ಎಲ್ರೂ ಚಮಚದಲ್ಲೇ ತಿನ್ಬೇಕು. ನೀನೂ, ನಿನ್ನ ಗಂಡನೂ." ಸ್ವಲ್ಪ ತಡೆದು, "ಮುಕ್ಕಾಲು ಇಂಚಾದ್ರೆ ಅವಳ ಬಾಯಿಗೆ ಸಲೀಸು. ಕಚ್ಚಿ ಎಳೆಯೋ ಹಂಗಿಲ್ಲ" ಅಂದರು.

ನಾನು ಚೀಲ ತೆಗೆದುಕೊಂಡೆ. ಅಂದು ಕೋಳಿಯ ಅಂಗಡಿಯವನ ಹತ್ತಿರ ಬೋನ್‌ಲೆಸ್ ಕೇಳಿದವಳೂ ನಾನೇ. ಮನೆಗೆ ಬಂದು ಮಾವ ಕತ್ತರಿಸಿದರು. ನಾನು ಒಲೆಯ ಮುಂದೆ ನಿಂತೆ. ಸೋಯಾ ಎರಡು ಚಮಚ, ಬೆಲ್ಲ ಎರಡು ಚಮಚ, ಕಾರ್ನ್‌ಫ್ಲೋರನ್ನು ನೀರಲ್ಲಿ ಕದಡಿ ಒಂದೇ ಚಮಚ. ಮಾವ ಹಾಲಿನಿಂದ ಒಲೆಗೆ, ಒಲೆಯಿಂದ ಹಾಲಿಗೆ ತಿರುಗುತ್ತಾ, "ಆಯ್ತಾ? ತಳ ಹಿಡೀತಾ? ಆಯ್ತಾ?" ಎಂದು ಕೇಳುತ್ತಲೇ ಇದ್ದರು. ಕೋಳಿಯ ತುಂಡುಗಳಿಗೆ ಕೆಂಪು ಬಣ್ಣ ಬಂದು, ಸಾಸ್ ಮೈಗೆ ಹತ್ತಿ ಮಿರಮಿರ ಮಿಂಚಿತು. ಮೇಲೆ ಎಳ್ಳು ಉದುರಿಸಿದೆವು.

ಮಾವ ಟೇಬಲ್ಲಿನ ಮೇಲೆ ಐದು ತಟ್ಟೆ ಇಟ್ಟು, ಐದಕ್ಕೂ ಚಮಚ ಇಟ್ಟರು. ಆಮೇಲೆ ಕೋಣೆಯ ಬಾಗಿಲಲ್ಲಿ ನಿಂತು, "ಲೇ ಇವಳೇ, ಹೊರಗೆ ಬಾ. ನಿನ್ನ ಮೊಮ್ಮಗಳು ಜಪಾನ್ ಊಟ ಮಾಡ್ಸಿದಾಳೆ. ಇದನ್ನ ಕೈಯಲ್ಲಿ ತಿನ್ಬಾರ್ದಂತೆ" ಅಂದರು. ಅತ್ತೆ ಬರಲಾರರು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಸೆರಗು ಸರಿಮಾಡಿಕೊಳ್ಳುತ್ತಾ ಬಂದರು. ತಟ್ಟೆ ನೋಡಿದರು. ನಮ್ಮ ಕೈಗಳನ್ನು ನೋಡಿದರು. ಎಲ್ಲರ ಕೈಯಲ್ಲೂ ಚಮಚ. ಆಮೇಲೆ ಕೂತರು.

ಮೊದಲ ತುಂಡು ಬಾಯಿಗೆ ಹೋಯಿತು. ಎರಡನೆಯದೂ ಹೋಯಿತು. ನಾವೆಲ್ಲ ತಟ್ಟೆಯಲ್ಲೇ ಕಣ್ಣು ನೆಟ್ಟು, ನೋಡದವರಂತೆ ಕೂತಿದ್ದೆವು, ಮಾವ ಮಾತ್ರ ಎಂದಿನಂತೆ ನಿಂತಿದ್ದರು. ಮೂರನೆಯ ತುಂಡು ಚಮಚದಿಂದ ಜಾರಿ, ಟೇಬಲ್ ಮೇಲೆ ಉರುಳಿ, ನೆಲಕ್ಕೆ ಬಿತ್ತು. ಅತ್ತೆಯ ಚಮಚ ತಟ್ಟೆಯ ಅಂಚಿಗೆ ಬಂದು ನಿಂತಿತು. ಈಗ ಎದ್ದು ಒಳಗೆ ಹೋಗಿಬಿಡುತ್ತಾರೆ ಎಂದುಕೊಂಡೆ.

ಮಾವ ಬಗ್ಗಿ ತುಂಡನ್ನು ಎತ್ತಿಕೊಂಡರು. "ಛೆ. ನಂದೇ ತಪ್ಪು. ಸಾಸ್ ಜಾಸ್ತಿ ಆಗೋಯ್ತು, ಜಾರುತ್ತೆ" ಅಂದರು.

ಅತ್ತೆ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಗಂಡನ ಬಾಯಲ್ಲಿ ಆ ಮಾತು ಎಷ್ಟು ಹೊಸದೆಂದು ಗೊತ್ತಿರದೆ ಇರುತ್ತದೆಯೇ?

"ಸಾಸ್ ಸರಿಯಾಗೇ ಇದೆ ರೀ" ಅಂದರು ಮೆಲ್ಲಗೆ. "ಕೈ ಇನ್ನೂ ಕಲೀತಾ ಇದೆ."

ಲಕ್ವ ಹೊಡೆದ ಮೇಲೆ ತಮ್ಮ ಕೈಯ ವಿಷಯವನ್ನು ಅವರು ನಮ್ಮೆಲ್ಲರ ಮುಂದೆ ಆಡಿದ್ದು ಅದೇ ಮೊದಲು. ಆಮೇಲೆ ಎಡಗೈಯಲ್ಲಿ ತಟ್ಟೆಯನ್ನು ಎತ್ತಿ ಗಂಡನ ಕಡೆಗೆ ಚಾಚಿ, "ಇನ್ನೊಂದ್ ನಾಕು ಹಾಕಿ" ಅಂದರು.

ತಟ್ಟೆ ನಡುಗುತ್ತಿತ್ತು. ಹಿಡಿಯಲು ಹೋದ ನನ್ನ ಮಗಳ ಕೈಯನ್ನು ನಾನು ಮೇಜಿನ ಕೆಳಗೆ ಒತ್ತಿ ಹಿಡಿದೆ. ಮಾವ ಬಾಂಡಲಿ ತಂದರು. ತಟ್ಟೆ ಎತ್ತ ನಡುಗುತ್ತಿತ್ತೋ ಅತ್ತಲೇ ಸೌಟನ್ನೂ ಸರಿಸುತ್ತಾ, ಸ್ವಲ್ಪವೂ ಅವಸರವಿಲ್ಲದೆ, ಒಂದೊಂದೇ ತುಂಡು ಬಡಿಸಿದರು.