ಚಿಕ್ಕಮ್ಮ ಎಂಬ ಸ್ಯಾಂಪಲ್ಲು

ಈಚಿನ ವರ್ಷಗಳಲ್ಲಿ ಮೈಸೂರಿನಲ್ಲಿ ಯಾರಾದರೂ ಪಿಎಚ್.ಡಿ. ಮುಗಿಸಿದ್ದಾರೆಂದರೆ, ಅವರ ಥೀಸಿಸ್ಸಿನ ಯಾವುದಾದರೊಂದು ಕೋಷ್ಟಕದಲ್ಲಿ ನಮ್ಮ ಚಿಕ್ಕಮ್ಮ ಕೂತಿದ್ದೇ ಇರುತ್ತಾರೆ. ನೀವು ನಗಬಹುದು. ಆದರೆ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ, ಕುಂಬಾರಕೊಪ್ಪಲಿನ ತಮ್ಮ ಬೀದಿ ದಾಟಿ ಹೆಚ್ಚು ಹೋಗದ, ಅರವತ್ತೆಂಟು ವರ್ಷದ ಹೆಂಗಸೊಬ್ಬರು ಆರೋಗ್ಯ, ಸಮಾಜ, ಪರಿಸರ ಎಂಬ ಮೂರು ಶಾಸ್ತ್ರಗಳಿಗೂ ಒಟ್ಟಿಗೆ ಸೇವೆ ಸಲ್ಲಿಸುತ್ತಿರುವುದನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಇದು ಶುರುವಾದದ್ದು ಒಂದು ಮಧ್ಯಾಹ್ನ. ರಟ್ಟಿನ ಪ್ಯಾಡು ಹಿಡಿದ ಹುಡುಗಿಯೊಬ್ಬಳು ಬೀದಿಯಲ್ಲಿ ಬಂದಳು. ಏನೋ ಮಾರೋಕೆ ಬಂದಿದ್ದಾಳೆ ಅಂದುಕೊಂಡು ಎಲ್ಲರೂ ಬಾಗಿಲು ಹಾಕಿಕೊಂಡರು. ಚಿಕ್ಕಮ್ಮ ಮಾತ್ರ ಬಾಗಿಲು ತೆಗೆದು, "ಮೊದ್ಲು ನೀರು ಕುಡಿ ಕಣಮ್ಮ, ಆಮೇಲೆ ಏನ್ ಬೇಕೋ ಕೇಳುವಂತೆ" ಎಂದರು. ಅಷ್ಟೇ! ಹಾಸ್ಟೆಲ್ಲಿನಲ್ಲಿ ಸುದ್ದಿ ಹಬ್ಬಿತು. ಕುಂಬಾರಕೊಪ್ಪಲಿನಲ್ಲಿ ಒಂದು ಮನೆಯಿದೆ, ಅಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಸಿಗುತ್ತದೆ, ಜೊತೆಗೆ ಉಪ್ಪಿಟ್ಟೂ ಸಿಗುತ್ತದೆ ಎಂದು. ಅಂದಿನಿಂದ ಅವರ ಹಾಲ್‌ನಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ಸಂಶೋಧನೆಗೆಂದೇ ಮೀಸಲಾಯಿತು. ಅದರ ಮೇಲೆ ಚಿಕ್ಕಪ್ಪ ಕೂಡ ಕೂರುವಂತಿಲ್ಲ!

ಚಿಕ್ಕಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಮನೆಮನೆಗೆ ಹೋದರೂ ಯಾರನ್ನೂ ಏನನ್ನೂ ಕೇಳಿದವರಲ್ಲ. ಮೀಟರ್ ನೋಡುವುದು, ಬರೆದುಕೊಳ್ಳುವುದು, ಮುಂದಿನ ಮನೆಗೆ ಹೋಗುವುದು. "ನಿಂಗ್ಯಾಕೆ ಚಿಕ್ಕಮ್ಮ ಈ ಉತ್ತರ ಕೊಡೋ ಹುಚ್ಚು?" ಎಂದು ನಾನೊಮ್ಮೆ ಕೇಳಿದ್ದಕ್ಕೆ ಚಿಕ್ಕಮ್ಮ ಹೇಳಿದ್ದು ಇಷ್ಟು: "ಮದುವೆಯಾಗಿ ನಲವತ್ತಾರು ವರ್ಷ ಆಯ್ತು ಕಣೇ. ನಿಮ್ಮ ಚಿಕ್ಕಪ್ಪ ನನ್ನ ಕೇಳಿರೋದು ಎರಡೇ ಪ್ರಶ್ನೆ. ಕಾಫಿ ಆಯ್ತಾ, ಕನ್ನಡಕ ಎಲ್ಲಿ. ಈ ಮಕ್ಳು ನೋಡು, ನಂಗೆ ನಿದ್ದೆ ಹೇಗೆ ಬರತ್ತೆ ಅಂತ ಕೇಳ್ತಾವೆ. ಚಿಕ್ಕೋರಿದ್ದಾಗ ಏನಾಗ್ಬೇಕು ಅಂತಿದ್ರಿ ಅಂತ ಕೇಳ್ತಾವೆ. ಬರ್ಕೊಂಡೂ ಬರ್ಕೋತಾವೆ!"

ಬಂದ ಹುಡುಗಿಯರ ಹೆಸರು ಚಿಕ್ಕಮ್ಮನ ನಾಲಿಗೆಗೆ ಹತ್ತುವುದಿಲ್ಲ. ಅವರವರ ವಿಷಯದ ಮೇಲೆಯೇ ನಾಮಕರಣ. ಮನೆಯಲ್ಲಿ ತೀರ್ಮಾನ ಮಾಡುವವರು ಯಾರು ಎಂದು ಅಧ್ಯಯನ ಮಾಡುತ್ತಿದ್ದವಳು 'ತೀರ್ಮಾನದ ಹುಡುಗಿ'. ಅವಳು ಬಂದಾಗ ಚಿಕ್ಕಪ್ಪ ಅಲ್ಲೇ ದಿವಾನದ ಮೇಲೆ ಪೇಪರ್ ಓದುತ್ತಿದ್ದರಂತೆ. ಮನೆ ಕಟ್ಟಿಸುವುದು ಯಾರ ತೀರ್ಮಾನ? "ಅವರದೇ." ಟಿ.ವಿ. ಕೊಳ್ಳುವುದು? "ಅವರದೇ." ಏನು ಅಡುಗೆ ಎನ್ನುವುದು? "ಅದೂ ಅವರದೇ." ಹುಡುಗಿಗೆ ಅನುಮಾನ ಬಂದು, "ಆಂಟಿ, ನಿಮ್ಮದು ಅಂತ ಒಂದಾದ್ರೂ ತೀರ್ಮಾನ ಇಲ್ವಾ?" ಎಂದಳು. ಚಿಕ್ಕಮ್ಮ ದನಿ ತಗ್ಗಿಸಿ, "ಇದೆ ಕಣಮ್ಮ. ಎಲ್ಲಾ ಅವರದೇ ಅಂತ ಹೇಳ್ಬೇಕು ಅನ್ನೋದು ನಂದೇ ತೀರ್ಮಾನ" ಎಂದರು.

ಇಲ್ಲಿಯವರೆಗೆ ಸರಿ. ಚಿಕ್ಕಮ್ಮನ ತೊಂದರೆಯೇನೆಂದರೆ, ಸಂಶೋಧಕರನ್ನೂ ಅವರು ನೆಂಟರ ಹಾಗೆಯೇ ಕಾಣುತ್ತಾರೆ. ಬಂದವರು ಬರಿಗೈಲಿ ಹೋಗಬಾರದು! 'ನಡಿಗೆಯ ಹುಡುಗಿ' ಹೆಜ್ಜೆ ಎಣಿಸುವ ಪಟ್ಟಿಯೊಂದನ್ನು ಅವರ ಕೈಗೆ ಕಟ್ಟಿ ಹೋದಳು. ಮೊದಲ ದಿನ ಅದರಲ್ಲಿ ತೀರಾ ಕಡಿಮೆ ತೋರಿಸಿತು. ಪಾಪ, ಆ ಮಗು ಇಷ್ಟು ಕಡಿಮೆ ತಗೊಂಡು ಹೋಗಿ ಅವಳ ಮೇಷ್ಟ್ರಿಗೆ ಏನಂತ ತೋರಿಸುತ್ತಾಳೆ? ಎರಡನೆಯ ದಿನ ಮೊಸರು ಕಡೆಯುವಾಗ ಪಟ್ಟಿಯ ಅಂಕಿ ಸರಸರ ಏರುವುದನ್ನು ಚಿಕ್ಕಮ್ಮ ಕಂಡುಹಿಡಿದರು. ಆ ವಾರ ಮನೆಯಲ್ಲಿ ಬೆಣ್ಣೆಯೋ ಬೆಣ್ಣೆ! ಮೂರು ಹೊತ್ತೂ ಮಜ್ಜಿಗೆ ಕುಡಿದು ಚಿಕ್ಕಪ್ಪನಿಗೆ ನೆಗಡಿ ಹಿಡಿಯಿತು. ಕೂತಲ್ಲೇ ನಮ್ಮ ಚಿಕ್ಕಮ್ಮ ಹೆಚ್ಚು ಕಡಿಮೆ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದಿದ್ದರು.

ಆಮೇಲೆ ಬಂದವಳು 'ಕಸದ ಹುಡುಗಿ'. ಒಂದು ವಾರ ದಿನಾ ಬೆಳಿಗ್ಗೆ ಬಂದು ಪ್ರತಿ ಮನೆಯ ಹಸಿ ಕಸ ತೂಗುವುದು ಅವಳ ಕೆಲಸ. ಮನೆಗೆ ಬಂದ ಹೆಣ್ಣುಮಗಳಿಗೆ ಕಸ ತೋರಿಸುವುದೇ? ಮರ್ಯಾದೆ ಪ್ರಶ್ನೆ ಅಲ್ಲವೇ? ಹೀರೆಕಾಯಿ ಸಿಪ್ಪೆ ಚಟ್ನಿಯಾಯಿತು, ಕೊತ್ತಂಬರಿ ದಂಟು ಸಾರಿಗೆ ಬಿತ್ತು, ಬಾಳೆಹಣ್ಣಿನ ಸಿಪ್ಪೆ ಗುಲಾಬಿ ಗಿಡದ ಬುಡ ಸೇರಿತು. ಎರಡು ದಿನ ಹುಡುಗಿ ಖಾಲಿ ಬಕೆಟ್ಟನ್ನೇ ತಕ್ಕಡಿಗೆ ತೂಗುಹಾಕಿ ಮುಖ ಸಪ್ಪೆ ಮಾಡಿಕೊಂಡಳು. ಆ ಸಪ್ಪೆ ಮುಖ ಚಿಕ್ಕಮ್ಮನ ಕೈಲಿ ನೋಡಲಾಗಲಿಲ್ಲ. ಮೂರನೆಯ ದಿನ ಬಕೆಟ್ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೊರಟರು. "ಸ್ವಲ್ಪ ಕಸ ಇದ್ರೆ ಕೊಡ್ತೀರಾ? ನಾಳೆ ವಾಪಸ್ ಕೊಡ್ತೀನಿ."

ಹುಡುಗಿ ಮರುದಿನ ಬಂದು ನೋಡುತ್ತಾಳೆ, ಶುದ್ಧ ಸಸ್ಯಾಹಾರಿಗಳು ಎಂದು ಮೊದಲ ಪುಟದಲ್ಲೇ ಬರೆಸಿದ್ದ ಮನೆಯ ಬಕೆಟ್ಟಿನ ತುಂಬ ಮೊಟ್ಟೆಯ ಸಿಪ್ಪೆ! ಅನುಮಾನವೆಲ್ಲ ಚಿಕ್ಕಪ್ಪನ ಮೇಲೆ ಬಿತ್ತು. "ಅಂಕಲ್, ನೀವೇನಾದ್ರೂ..." ಎಂದಳಂತೆ. ಚಿಕ್ಕಪ್ಪ ಪೇಪರ್ ಕೆಳಗಿಟ್ಟು, "ನನ್ನ ಮಾನ ಕಳೆದ್ಬುಟ್ಟೆಯಲ್ಲೇ" ಎಂದು ಹೆಂಡತಿಯ ಕಡೆ ನೋಡಿದರು. ನಿಜ ಹೊರಗೆ ಬಂದಾಗ ಆ ಹುಡುಗಿ ಕೆಂಪು ಕುರ್ಚಿಯಲ್ಲಿ ಕೂತು ಅತ್ತೇಬಿಟ್ಟಳು. ಇಡೀ ಬೀದಿಯ ಲೆಕ್ಕ ಕೆಟ್ಟಿತ್ತು. ಯಾವ ಮನೆಯ ಕಸ ಯಾವ ಮನೆಯಲ್ಲಿದೆಯೋ ಯಾರಿಗೆ ಗೊತ್ತು? ಮತ್ತೆ ಮೊದಲಿಂದ ತೂಗಬೇಕು. ಚಿಕ್ಕಮ್ಮನಿಗೆ ಆವತ್ತು ಊಟ ಸೇರಲಿಲ್ಲ. ಇನ್ನು ಮೇಲೆ ಇದ್ದದ್ದು ಇದ್ದಹಾಗೆ ಹೇಳುತ್ತೇನೆಂದು ದೇವರ ಮುಂದೆ ದೀಪ ಹಚ್ಚಿ ಪ್ರಮಾಣ ಮಾಡಿದರು.

ಆ ಪ್ರಮಾಣವನ್ನು ಪಾಲಿಸಿದರು ಕೂಡ. ಒಬ್ಬಳ ವಿಷಯದಲ್ಲಿ ಮಾತ್ರ ಪಾಲಿಸಲಿಲ್ಲ ಎಂದು ನನಗೆ ತಿಳಿದದ್ದು ತಡವಾಗಿ.

ಅವಳು 'ನೆನಪಿನ ಹುಡುಗಿ'. ವಯಸ್ಸಾದವರ ಮರೆವಿನ ಮೇಲೆ ಅವಳ ಅಧ್ಯಯನ. ಕೆಲವು ತಿಂಗಳಿಗೊಮ್ಮೆ ಬರುತ್ತಾಳೆ. ಐದು ಪದ ಹೇಳುತ್ತಾಳೆ, ಸ್ವಲ್ಪ ಹೊತ್ತು ಬೇರೆ ಏನೇನೋ ಮಾತಾಡಿ, ಆ ಐದನ್ನೂ ಮತ್ತೆ ಹೇಳಿಸುತ್ತಾಳೆ. ಚಿಕ್ಕಮ್ಮನಿಗೆ ಪ್ರತಿ ಸಲವೂ ಐದಕ್ಕೆ ಐದು! ವಿಜಯನಗರದ ನಮ್ಮ ಮನೆಗೆ ಫೋನ್ ಮಾಡಿ ಹೇಳುವರು: "ಐದಕ್ಕೆ ಐದು ಕಣೇ!" ಹತ್ತು ನಿಮಿಷದ ಮೇಲೆ ಮತ್ತೆ ಫೋನ್. "ನಿಂಗೆ ಹೇಳ್ದೆನಾ? ಐದಕ್ಕೆ ಐದು!" ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಸಾರಿಗೆ ಎರಡು ಸಲ ಉಪ್ಪು ಬಿದ್ದಾಗಲೂ ವಯಸ್ಸಾಯಿತಲ್ಲ ಎಂದುಕೊಂಡೆವು. ನಮ್ಮ ಅಜ್ಜಿ, ಎಂದರೆ ಚಿಕ್ಕಮ್ಮನ ತಾಯಿ, ನಜರ್‌ಬಾದಿನ ಮನೆಯಲ್ಲಿ ಕೊನೆಯ ಎರಡು ವರ್ಷ ಹೆತ್ತ ಮಕ್ಕಳನ್ನೇ "ನೀವ್ಯಾರಮ್ಮ?" ಎಂದು ಕೇಳುತ್ತಿದ್ದರು. ಅವರಿಗೆ ತುತ್ತಿಟ್ಟವರು ಈ ಚಿಕ್ಕಮ್ಮನೇ. ಅದನ್ನು ನಾವು ಮರೆತಿದ್ದೆವು, ಅವರು ಮರೆತಿರಲಿಲ್ಲ.

ಒಂದು ಶನಿವಾರ ನಾನು ಹೋದಾಗ ನೆನಪಿನ ಹುಡುಗಿ ಬಂದಿದ್ದಳು. ಕೆಂಪು ಕುರ್ಚಿಯಲ್ಲಿ ಅವಳು, ಎದುರಿಗೆ ಚಿಕ್ಕಮ್ಮ, ಹುಡುಗಿಯ ಬೆನ್ನ ಹಿಂದಿನ ದಿವಾನದಲ್ಲಿ ಚಿಕ್ಕಪ್ಪ. ಮೂಗು, ಬಾಗಿಲು, ಛತ್ರಿ, ಬಳೆ, ಬೆಲ್ಲ ಎಂದಳು ಹುಡುಗಿ. ಸ್ವಲ್ಪ ಹೊತ್ತು ಅದೂ ಇದೂ ಕೇಳಿ, "ಈಗ ಹೇಳಿ ಆಂಟಿ" ಎಂದಳು.

"ಮೂಗು," ಎಂದರು ಚಿಕ್ಕಮ್ಮ. ಮುಂದಿನ ಪದ ನೆನಪಾಗಲಿಲ್ಲ. ಚಿಕ್ಕಪ್ಪ ಮೆಲ್ಲಗೆ ಬಾಗಿಲಿನ ಕಡೆ ಬೆರಳು ಮಾಡಿದರು. "ಬಾಗಿಲು!" ಚಿಕ್ಕಪ್ಪ ಪೇಪರನ್ನು ತಲೆಯ ಮೇಲೆ ಹಿಡಿದರು. "ಛತ್ರಿ!" ಮಣಿಕಟ್ಟು ಸವರಿಕೊಂಡರು. "ಬಳೆ!" ಬೆಲ್ಲವನ್ನು ಹೇಗೆ ತೋರಿಸುವುದು? ಪಾಪ, ಚಿಕ್ಕಪ್ಪ ಅಂಗೈಯನ್ನು ಬಾಯಿಗಿಟ್ಟು ನೆಕ್ಕಿದರು.

"ತೀರ್ಥ!" ಎಂದರು ಚಿಕ್ಕಮ್ಮ.

"ತೀರ್ಥ ನಾನು ಹೇಳೇ ಇಲ್ವಲ್ಲ ಆಂಟಿ" ಎನ್ನುತ್ತ ಹುಡುಗಿ ತಿರುಗಿ ನೋಡಿದಳು. ಚಿಕ್ಕಪ್ಪನ ಅಂಗೈ ಇನ್ನೂ ಬಾಯಿಯ ಹತ್ತಿರವೇ ಇತ್ತು. ನನಗೆ ನಗು ತಡೆಯಲಾಗಲಿಲ್ಲ, ಜೋರಾಗಿ ನಕ್ಕುಬಿಟ್ಟೆ. ಚಿಕ್ಕಪ್ಪ ಆ ಕೈ ಇಳಿಸಿ, ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು.

"ಎಷ್ಟು ಸಲದಿಂದ ಹೀಗೆ, ಅಂಕಲ್?"

"ಮೂರು" ಎಂದರು ಚಿಕ್ಕಪ್ಪ.

"ಅವರನ್ನ ಏನೂ ಅನ್ಬೇಡ ಕಣಮ್ಮ, ನಾನೇ ಹಿಂದೆ ಕೂರಿಸ್ದೆ" ಎಂದರು ಚಿಕ್ಕಮ್ಮ. "ನಮ್ಮಮ್ಮನ ಥರ ಆಗ್ಬುಡ್ತೀನೇನೋ ಅಂತ ಭಯ. ಕಮ್ಮಿ ಅಂತ ನೀನು ಬರೆದ್ಬುಟ್ರೆ ಅದೇ ನಿಜ ಆಗ್ಬುಡತ್ತೆ ಅನ್ನಿಸ್ತು." ಆಮೇಲೆ ಅವರೇ, "ರೀ, ನೀವು ಸ್ವಲ್ಪ ಹೊರಗೆ ಹೋಗಿ. ಸುಳ್ಳು ಬರ್ಕೊಂಡ್ರೆ ಇವಳ ಪುಸ್ತಕ ಹಾಳಾಗತ್ತೆ. ಕಸದ ಹುಡುಗಿ ಥರ ಇವಳೂ ಅಳೋದು ಬೇಡ. ಬೇರೆ ಐದು ಹೇಳಮ್ಮ" ಎಂದರು.

ಚಿಕ್ಕಪ್ಪ ಹೋಗಿ ಗೇಟಿನ ಹತ್ತಿರ ನಿಂತರು. ಒಳಗೆ ಐದಕ್ಕೆ ಎರಡು ಬಂತು. "ಎರಡು ಅಂತಲೇ ಬರ್ಕೋ" ಎಂದರು ಚಿಕ್ಕಮ್ಮ. ಆ ಎರಡನ್ನು ಬರೆಯಲು ಆ ಹುಡುಗಿಗೆ ಬಹಳ ಹೊತ್ತು ಬೇಕಾಯಿತು. ನನಗೆ ನಾಚಿಕೆಯಾಯಿತು. ಇಷ್ಟು ದಿನ ಫೋನಿನಲ್ಲಿ ನಕ್ಕವಳು ನಾನು.

ಅವಳೇ ಹೇಳಿದ ಡಾಕ್ಟರ ಹತ್ತಿರ ಹೋಗಿ ಬಂದೆವು. ಮಾತ್ರೆ ಶುರುವಾಗಿದೆ. ಮಾತಾಡಿಸುತ್ತಿರಿ, ಏನಾದರೂ ಕೇಳುತ್ತಿರಿ ಎಂದಿದ್ದಾರೆ. ಮುಂದೆ ಹೇಗೋ ಏನೋ, ಅದನ್ನು ಅವರೂ ಹೇಳಲಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಹೋದೆ. ಬಾಗಿಲು ತೆರೆದಿತ್ತು. ಕೆಂಪು ಕುರ್ಚಿಯ ಮೇಲೆ ಚಿಕ್ಕಪ್ಪ ಕೂತಿದ್ದರು! ತೊಡೆಯ ಮೇಲೆ ಗೆರೆ ಹಾಕಿದ ನೋಟ್‌ಬುಕ್ಕು, ಕೈಯಲ್ಲಿ ಪೆನ್ನು. ಪಕ್ಕದಲ್ಲಿ ಸಂಶೋಧಕರಿಗೆ ಇಡುವ ಹಾಗೆಯೇ ಒಂದು ಲೋಟ ನೀರು. ಎದುರಿಗೆ ಚಿಕ್ಕಮ್ಮ.

"ಹೆಸರು?" ಎಂದರು ಚಿಕ್ಕಪ್ಪ.

"ಅಯ್ಯೋ, ನನ್ನ ಹೆಸರು ನಿಮಗೆ ಗೊತ್ತಿಲ್ವೇನ್ರೀ? ನಲವತ್ತಾರು ವರ್ಷ ಆಯ್ತು!"

"ನಂಗೊತ್ತು ಕಣೇ. ನೀನು ಹೇಳು."

ಚಿಕ್ಕಮ್ಮ ನೆಟ್ಟಗೆ ಕೂತು ಹೇಳಿದರು, ತವರಿನ ಇನಿಷಿಯಲ್ ಸಮೇತ. ಚಿಕ್ಕಪ್ಪ ಬರೆದುಕೊಂಡರು.