ಹದಿನೈದು ಫ್ರೇಮಿನ ಸಮುದ್ರ

ಗೇಮಿನ ಅಂಗಡಿ ಇಟ್ಟವನ ಎದುರು ಯಾರಾದರೊಬ್ಬರು ತಲೆ ತಿರುಗಿ ಕೂರುವುದು ತಪ್ಪುವುದಿಲ್ಲ. ಮೊನ್ನೆ ಕೂಡ ಮೊಬೈಲು ರಿಪೇರಿಗೆ ಬಂದ ಒಬ್ಬರು, ಮೂಲೆಯಲ್ಲಿ ನಡೆಯುತ್ತಿದ್ದ ಕಾರಿನ ರೇಸನ್ನು ಎರಡೇ ನಿಮಿಷ ನೋಡಿ, ಹೊರಗೆ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತರು. ನಾನು ಅಭ್ಯಾಸಬಲದಿಂದ ಒಂದು ಲಿಂಬೆಹಣ್ಣು ಕೊಟ್ಟೆ. ಇಡೀ ಹೊನ್ನಾವರದಲ್ಲಿ ಲಿಂಬೆಹಣ್ಣು ಸ್ಟಾಕು ಇಡುವ ಕಂಪ್ಯೂಟರಿನ ಅಂಗಡಿ ನನ್ನದೊಂದೇ ಇರಬೇಕು.

ಈಗ ಗೇಮಿನ ಯಂತ್ರ ಉಳಿದಿರುವುದು ಒಂದೇ. ಆಡುವವರೆಲ್ಲ ಮೊಬೈಲು ಹಿಡಿದು ಮನೆಯಲ್ಲೇ ಕೂತರು, ನಾನು ಅವರ ಮೊಬೈಲು ರಿಪೇರಿ ಮಾಡುತ್ತ ಕೂತೆ. ಆದರೆ ಬಸ್‌ಸ್ಟ್ಯಾಂಡಿನ ಹಿಂದಿನ ಆ ಸಣ್ಣ ಕೋಣೆಯಲ್ಲಿ ನಾಲ್ಕು ಯಂತ್ರ ಒಟ್ಟಿಗೆ ಗುಂಯ್‌ಗುಡುತ್ತಿದ್ದ, ಸರದಿಗೆ ಕಾಯುವವರು ಬೆಂಚಿನ ಮೇಲೆ ಒಬ್ಬರನ್ನೊಬ್ಬರು ತಳ್ಳುತ್ತಿದ್ದ ಆ ದಿನಗಳು ನೆನಪಾದರೆ ಈಗಲೂ ಎದೆ ತುಂಬಿ ಬರುತ್ತದೆ. ಆ ಸುಖ ಮತ್ತೆ ಬಾರದು.

ಪೂಜೆಯ ದಿನ

ನಾನು ಈ ಕುರ್ಚಿಗೆ ಬಂದದ್ದೇ ವಾಂತಿಯಿಂದ. ಅಪ್ಪ ಮೀನು ಹಿಡಿಯುವ ಟ್ರಾಲ್ ಬೋಟಿನ ತಾಂಡೇಲ. ಎಂದರೆ ಸ್ಟೇರಿಂಗ್ ಅವನ ಕೈಯಲ್ಲಿ, ಬೋಟಿನ ಮೇಲೆ ಅವನು ಹೇಳಿದ್ದೇ ವೇದ. ನನಗೆ ಹದಿನೆಂಟಾದಾಗ ಹೊಳೆಯಾಚೆಯ ಕಾಸರಕೋಡಿನಲ್ಲಿ ಬೋಟು ಹತ್ತಿಸಿದ. ಮೂರು ಸಲ ಹೋದೆ, ಮೂರು ಸಲವೂ ಹೊಳೆ ಸಮುದ್ರ ಸೇರುವ ಅಳಿವೆ ದಾಟುವ ಮೊದಲೇ ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರಪಾಲು. ಮೂರನೆಯ ದಿನ ಅಪ್ಪ ಬೋಟಿನಲ್ಲಿ ದುಡಿಯುವ ಖಲಾಸಿಗಳೆಲ್ಲರ ಎದುರಿಗೇ ಹೇಳಿದ: "ಇವ್ನಿಗೆ ನೆಲವೇ ಸೈ. ಇಳ್ಸಿಬಿಡಿ."

ಇಳಿದೆ. ಕುಮಟಾದಲ್ಲಿ ಕಂಪ್ಯೂಟರು ಕಲಿತೆ, ಅಲ್ಲಿಂದಲೇ ನಾಲ್ಕು ಯಂತ್ರ ತಂದು ಅಂಗಡಿ ಹಾಕಿದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಅಪ್ಪ ಒಂದು ದಿನ ಈ ಬಾಗಿಲಿಗೆ ಬರಬೇಕು, ಒಳಗೆ ಕೂರಬೇಕು, "ಆತು, ಇದೂ ಒಂದು ಕೆಲಸ" ಅನ್ನಬೇಕು. ಪೂಜೆಗೆ ಅಮ್ಮ ಬಂದಳು. ಅಪ್ಪ ಬಲೆ ಹೊಲಿಯುವುದಿದೆ ಎಂದು ಬರಲಿಲ್ಲ.

ಭಟ್ಟರು ಅಡಿಕೆ ತೋಟದ ಕಡೆಯ ಹವ್ಯಕರು. ಅವರು ಮಂತ್ರ ಹೇಳುತ್ತಿದ್ದಂತೆ, ಯಂತ್ರ ಸರಿಯಿದೆಯೋ ಇಲ್ಲವೋ ನೋಡೋಣವೆಂದು ನಾನು ಕಾರಿನ ಗೇಮು ಹಾಕಿ ಕೂತೆ. ಕಾರು ಓಡುವುದಿಲ್ಲ, ಕುಪ್ಪಳಿಸುತ್ತದೆ. ನಾನು ಎಡಕ್ಕೆ ತಿರುಗಿಸಿದರೆ ಪರದೆ ಆಲೋಚನೆ ಮಾಡಿ ಆಮೇಲೆ ತಿರುಗುತ್ತದೆ. ಮೂರನೆಯ ತಿರುವಿಗೆ ಬೆವರು ಬಂತು, ನಾಲ್ಕನೆಯದಕ್ಕೆ ಕಸದ ಬುಟ್ಟಿ ಹುಡುಕಿದೆ. ಸಮುದ್ರ ಬಿಟ್ಟು ಬಂದರೂ ಸಮುದ್ರ ನನ್ನನ್ನು ಬಿಟ್ಟಿರಲಿಲ್ಲ.

ಭಟ್ಟರು ಗಂಟೆ ಕೆಳಗಿಟ್ಟು ಗಂಭೀರವಾಗಿ ಹೇಳಿದರು: "ಪಂಚಾಮೃತ ಇನ್ನೂ ಕೊಟ್ಟಿದ್ದೇ ಇಲ್ಲೆ ತಮಾ. ನಾಳೆ ಯಾರಾದ್ರೂ ಕೇಳಿದ್ರೆ ನೀ ಹಂಗೇ ಹೇಳವು."

ಎಡಕ್ಕೆ ಹೋಟೆಲು, ಬಲಕ್ಕೆ ಡಾಕ್ಟರು

ಹೀಗೆ ಯಾಕಾಗುತ್ತದೆ ಎಂದು ತಿಳಿಯಲು ಸ್ವಲ್ಪ ಕಾಲ ಬೇಕಾಯಿತು. ಶಾಲೆಯಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಒಂದೊಂದು ಹಾಳೆಗೆ ಒಂದೊಂದು ಚಿತ್ರ ಬರೆದು ಸರಸರ ಬಿಟ್ಟರೆ ಮನುಷ್ಯ ಓಡುತ್ತಿದ್ದನಲ್ಲ, ಗೇಮೂ ಅದೇ. ಒಂದು ಸೆಕೆಂಡಿಗೆ ಅರವತ್ತು ಚಿತ್ರ ಬಂದರೆ ಕಾರು ಬೆಣ್ಣೆಯ ಹಾಗೆ ಜಾರುತ್ತದೆ. ಮೂವತ್ತಾದರೆ ಸುಧಾರಿಸಿಕೊಳ್ಳಬಹುದು. ಹದಿನೈದಕ್ಕೆ ಇಳಿದರೆ ಹೊಂಡದ ರಸ್ತೆಯ ಬಸ್ಸು. ಕಣ್ಣು "ಹೊರಟೆವು" ಅನ್ನುತ್ತದೆ, ಕುರ್ಚಿಯಲ್ಲಿ ಕೂತ ಮೈ "ಇಲ್ಲೇ ಇದ್ದೇವೆ" ಅನ್ನುತ್ತದೆ, ಇಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಈ ಚಿತ್ರಕ್ಕೇ ಫ್ರೇಮು ಅನ್ನುವುದು. ನನ್ನ ನಾಲ್ಕೂ ಯಂತ್ರ ಹದಿನೈದರವು.

ಆದರೂ ಜನ ಬಂದರು. ಆಡಿದರು, ಹೊರಗೆ ಓಡಿದರು, ಮತ್ತೆ ಬಂದು ಆಡಿದರು. ಹೊರಗೆ ಓಡಿದವರೆಲ್ಲ ಎಡಕ್ಕೆ ತಿರುಗಿ ಪಕ್ಕದ ಹೋಟೆಲಿನ ಮುಂದಿನ ಗಟಾರಕ್ಕೆ ಬಗ್ಗುತ್ತಿದ್ದರು. ಹೋಟೆಲಿನ ಯಜಮಾನರು ಒಂದು ವಾರ ತಡೆದುಕೊಂಡು ಎಂಟನೆಯ ದಿನ ಬಂದರು. ಜಗಳ ಮಾಡುವ ಮನುಷ್ಯರಲ್ಲ. ಬಸ್ಸಿನಿಂದ ಇಳಿದವರು ಇದನ್ನು ನೋಡಿ ತಮ್ಮ ಬನ್ಸಿನಿಂದಲೇ ಹೀಗಾಗಿದೆ ಎಂದು ತಿಳಿದು ಎದುರು ಹೋಟೆಲಿಗೆ ಹೋಗುತ್ತಿದ್ದಾರೆ, ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತಿದೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನನಗೂ ಪಾಪ ಅನ್ನಿಸಿತು. ಎಲ್ಲರನ್ನೂ ಬಲಕ್ಕೆ ಕಳಿಸುತ್ತೇನೆ ಎಂದು ಮಾತು ಕೊಟ್ಟೆ.

ಬಲಕ್ಕೆ ಡಾಕ್ಟರರ ದವಾಖಾನೆ. ಹೇಳದೆ ಕೇಳದೆ ಕಳಿಸುವುದು ಸರಿಯಲ್ಲವೆಂದು ಮೊದಲೇ ಹೋಗಿ, ಹೀಗೆ ಹೀಗೆ, ಇನ್ನು ಮೇಲೆ ನಿಮ್ಮ ಬಾಗಿಲ ಹತ್ತಿರ ವಾಂತಿ ಮಾಡುವವರು ಬರಬಹುದು, ಕ್ಷಮಿಸಬೇಕು ಎಂದು ಕೈಮುಗಿದೆ.

"ಅದಕ್ಕೆಂತ ಕ್ಷಮಿಸೂದು," ಅಂದರು ಡಾಕ್ಟರು, "ಗಟಾರದ ತನಕ ಯಾಕೆ, ಒಳಗೇ ಕಳ್ಸಿ."

ಈ ಸುದ್ದಿ ಹೇಗೋ ಬೋಟು ಕಟ್ಟುವ ದಕ್ಕೆಗೆ ಮುಟ್ಟಿ, ದಕ್ಕೆಯಿಂದ ಅಪ್ಪನಿಗೂ ಮುಟ್ಟಿತು. ನೆಲದ ಮೇಲೂ ಅದೇ ಕಥೆಯೋ ಎಂದು ಅಮ್ಮನ ಹತ್ತಿರ ಕೇಳಿದನಂತೆ. ಅವತ್ತು ನನಗೆ ಊಟ ಸೇರಲಿಲ್ಲ. ಯಂತ್ರಗಳನ್ನು ಸುಧಾರಿಸದೆ ಅಪ್ಪ ಈ ಕಡೆ ಕಾಲಿಡುವುದಿಲ್ಲ ಎಂದು ಅರ್ಥವಾಯಿತು.

ಚಾ ಹಿಡಿದು ನೋಡುವುದು

ಒಳ್ಳೆಯ ಕಾರ್ಡು ಬೇಕಾದರೆ ಭಟ್ಕಳಕ್ಕೇ ಹೋಗಬೇಕು ಎಂದು ತಿಳಿದವರು ಹೇಳಿದರು. ಕಾರ್ಡು ಎಂದರೆ ಯಂತ್ರದೊಳಗೆ ಚಿತ್ರ ಬರೆಯುವ ಹಲಗೆ. ಅದು ಚುರುಕಾಗಿದ್ದರೆ ಫ್ರೇಮು ಹೆಚ್ಚು. ಬಜಾರಿನ ಒಂದು ಸಂದಿಯಲ್ಲಿ ವಯಸ್ಸಾದ ಚಾಚಾ ಒಬ್ಬರು ದುಬೈ ಸಾಮಾನು ಇಟ್ಟುಕೊಂಡಿದ್ದರು. ಮನೆಯವರ ಹತ್ತಿರ ನವಾಯತಿ, ಗಿರಾಕಿಗಳ ಹತ್ತಿರ ಉರ್ದು, ನನ್ನ ಹತ್ತಿರ ನನಗಿಂತ ಚೆಂದದ ಕನ್ನಡ.

ಕಾರ್ಡಿನ ಡಬ್ಬಿಯ ಮೇಲೆ ಬರೆದದ್ದನ್ನು ಅವರು ಓದುವವರೇ ಅಲ್ಲ. ಕಾರ್ಡು ಹಾಕಿ, ವಿಮಾನದ ಗೇಮು ಶುರುಮಾಡಿ, ಮಗನಿಗೆ ಆಡಲು ಹೇಳಿ, ತಾವು ಕಂಠದ ತನಕ ತುಂಬಿದ ಚಾದ ಗ್ಲಾಸು ಹಿಡಿದು ಹಿಂದೆ ನಿಂತರು. ಗೇಮು ನೋಡುವವನ ಮೈ ತನಗೆ ಗೊತ್ತಿಲ್ಲದೆ ಅದರ ಜೊತೆ ವಾಲುತ್ತದೆ, ಫ್ರೇಮು ತಡೆತಡೆದು ಬಂದರೆ ಕೈಯೂ ತಡೆತಡೆದು ಅಲ್ಲಾಡುತ್ತದೆ, ಚಾ ಚೆಲ್ಲುತ್ತದೆ. ಅದು ಅವರ ಪರೀಕ್ಷೆ. "ಎಷ್ಟು ಫ್ರೇಮು ಅಂತ ಕಂಪನಿ ಹೇಳ್ತದೆ," ಅಂದರು, "ಹೊಟ್ಟೆಗೆ ಎಷ್ಟು ಅಂತ ಚಾ ಹೇಳ್ತದೆ."

ಮೊದಲನೆಯ ಕಾರ್ಡಿಗೆ ಚಾ ಅವರ ತೋಳಿನ ಮೇಲೆ. ಎರಡನೆಯದಕ್ಕೆ ಬೆರಳಿನ ಮೇಲೆ. ಮೂರನೆಯದಕ್ಕೆ ಒಂದು ಹನಿಯೂ ಅಲ್ಲಾಡಲಿಲ್ಲ. ನಾನು ಅದನ್ನೇ ಕಟ್ಟಿಸಿಕೊಂಡೆ. ಹೊರಡುವಾಗ ಸುಮ್ಮನೆ ಕುತೂಹಲಕ್ಕೆ, ಚಾ ಚೆಲ್ಲಿದ ಕಾರ್ಡುಗಳನ್ನು ಎಂತ ಮಾಡುತ್ತೀರಿ ಎಂದು ಕೇಳಿದೆ.

"ಅವನ್ನೆಲ್ಲ," ಅಂದರು ಚಾಚಾ ತೋಳು ಒರೆಸಿಕೊಳ್ಳುತ್ತ, "ಕುಮಟಾಕ್ಕೆ ಕಳಿಸ್ತೇನೆ."

ಅಕ್ಕೋರ ಬೊಟ್ಟು

ಒಂದು ಯಂತ್ರ ಸುಧಾರಿಸಿತು, ಮೂರು ಹಾಗೇ ಉಳಿದವು. ಅವುಗಳನ್ನು ಸುಧಾರಿಸಿದವರು ಮಿರ್ಜಾನಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬರು ಅಕ್ಕೋರು. ಪಿಂಚಣಿಯ ಕಾಗದ ಪ್ರಿಂಟು ಮಾಡಿಸಲು ಬಂದಿದ್ದರು. ಪ್ರಿಂಟರು ಎಂದಿನಂತೆ ಮುನಿಸಿಕೊಂಡಿತ್ತು. ಕಾಯುತ್ತ ಕೂತವರು ಆಡುವವರನ್ನೇ ನೋಡತೊಡಗಿದರು. ಐದು ನಿಮಿಷಕ್ಕೆ ಎದ್ದು ಹೋಗಿ, ಕಾಲೇಜಿನ ಒಬ್ಬನ ತಲೆಯನ್ನು ಎರಡೂ ಕೈಯಿಂದ ಹಿಡಿದು ನೇರ ಮಾಡಿದರು. "ಕಣ್ಣು ಒಂದ್ಕಡೆ ನಿಲ್ಸು. ಊರೆಲ್ಲ ತಿರುಗಿಸ್ಬೇಡ."

ಅವನು ಎಲ್ಲಿ ನಿಲ್ಲಿಸಲಿ ಎಂದ. ಅಕ್ಕೋರು ಒಂದು ಕ್ಷಣ ನೋಡಿದರು. ತಮ್ಮ ಹಣೆಯ ಬೊಟ್ಟು ಕಿತ್ತು ಪರದೆಯ ಸರಿಯಾಗಿ ನಡುವೆ ಅಂಟಿಸಿದರು. "ಇದ್ರ ಮೇಲೆ."

ನಂಬಿದರೆ ನಂಬಿ, ಅವನಿಗೆ ಅವತ್ತು ತಲೆ ತಿರುಗಲಿಲ್ಲ. ಮರುದಿನ ನಾನು ಒಂದು ಪ್ಯಾಕೆಟು ಬೊಟ್ಟು ತಂದು ಮೂರೂ ಪರದೆಗೆ ಹಚ್ಚಿದೆ. ಗಿರಾಕಿಗಳು ಮುಕ್ಕಾಲು ತಾಸು ಗಟ್ಟಿಯಾಗಿ ಕೂರತೊಡಗಿದರು. ಹೋಟೆಲಿನ ಯಜಮಾನರು ಸಂತೋಷಪಟ್ಟು ಎರಡು ಬನ್ಸು ಕಳಿಸಿದರು.

ತಕರಾರು ಬಂದದ್ದು ಮನೆಯಿಂದ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ನನ್ನ ಅಂಗಿಯ ತೋಳಿಗೆ ಒಂದು ಕೆಂಪು ಬೊಟ್ಟು ಅಂಟಿತ್ತು. ನಾನು ಹೆಂಡತಿಗೆ ಫ್ರೇಮಿನ ವಿಷಯವನ್ನು ಮೊದಲಿನಿಂದ ಕೊನೆಯ ತನಕ ವಿವರಿಸಿದೆ. ಎಷ್ಟು ವಿವರಿಸಿದೆನೋ ಅಷ್ಟು ಸುಳ್ಳಿನ ಹಾಗೆ ಕೇಳಿಸಿತು. ಅವಳು ಮರುದಿನ ಊಟದ ಡಬ್ಬಿ ಹಿಡಿದು ತಾನೇ ಅಂಗಡಿಗೆ ಬಂದಳು, ಪರದೆಗಳನ್ನು ಒಂದೊಂದಾಗಿ ನೋಡಿದಳು, ಒಂದರ ಬೊಟ್ಟು ಬಿದ್ದುಹೋದ ಗುರುತನ್ನೂ ನೋಡಿದಳು. "ಸರಿ," ಅಂದಳು. ಅಂದಿನಿಂದ ಅಂಗಡಿಗೆ ಬೊಟ್ಟು ತಂದುಕೊಡುವುದು ಅವಳೇ. ಎಣಿಸಿ ಕೊಡುತ್ತಾಳೆ.

ಅಪ್ಪ ಬಂದ ದಿನ

ಹೀಗೆ ಎಂಟು ವರ್ಷ ಕಳೆಯಿತು. ಅಪ್ಪ ಬರಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದರೂ ನನ್ನ ಅಂಗಡಿಯ ಎದುರಿನ ದಾರಿ ಬಿಟ್ಟು ಸುತ್ತುಬಳಸಿ ಹೋಗುತ್ತಿದ್ದ. ನಾನು ಒಳಗಿನಿಂದ ನೋಡುತ್ತಿದ್ದೆ. ನಗುತ್ತ ಹೇಳುತ್ತಿದ್ದೇನೆ ನಿಜ, ಆಗ ಬಹಳ ನೋಯುತ್ತಿತ್ತು.

ಬಂದದ್ದು ಒಂದು ಮಳೆಗಾಲ, ಮೀನುಗಾರಿಕೆಗೆ ಸರಕಾರದ ಬಂದಿ ಬಿದ್ದು ಬೋಟುಗಳೆಲ್ಲ ದಡಕ್ಕೆ ಕಟ್ಟಿ ಕೂತ ದಿನಗಳಲ್ಲಿ. ನನ್ನ ಹತ್ತಿರ ಹೊಸ ಗೇಮೊಂದು ಬಂದಿತ್ತು. ಬಿರುಗಾಳಿಯಲ್ಲಿ ಮೀನಿನ ಬೋಟನ್ನು ಬಂದರಿಗೆ ತಂದು ಮುಟ್ಟಿಸುವುದು. ನಿಜವಾದ ಸ್ಟೇರಿಂಗನ್ನೇ ಮೇಜಿಗೆ ಬಿಗಿದಿದ್ದೆ. ಈ ಸುದ್ದಿ ಕೇಳಿ ಅಪ್ಪನ ಬೋಟಿನ ನಾಲ್ವರು ಖಲಾಸಿಗಳು, ತಾಂಡೇಲನಿಗೆ ಆಗುತ್ತದೋ ಇಲ್ಲವೋ ನೋಡೋಣ ಎಂದು ಕೆಣಕಿ ಕೆಣಕಿ ಅವನನ್ನು ಎಳೆದು ತಂದರು. ಅಪ್ಪ ಛತ್ರಿ ಮಡಚಿ, ನನ್ನ ಮುಖ ನೋಡದೆ, ಕುರ್ಚಿಯಲ್ಲಿ ಕೂತ. ನಾನು ಗೇಮು ಹಾಕಿ ಕೊಟ್ಟೆ.

ಆ ಗೇಮಿನಲ್ಲಿ ನೀರು ಜಾಸ್ತಿ. ಅಲೆ ಎದ್ದಿತೆಂದರೆ ಭಟ್ಕಳದ ಕಾರ್ಡೂ ಸೋತು ಹದಿನೈದು ಫ್ರೇಮಿಗೆ ಇಳಿಯುತ್ತಿತ್ತು. ಸ್ಟೇರಿಂಗ್ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಬೋಟು ತಿರುಗುತ್ತಿತ್ತು. ಊರಿನ ದೊಡ್ಡ ದೊಡ್ಡ ಆಟಗಾರರೆಲ್ಲ ಅದನ್ನು ಬಂಡೆಗೆ ಬಡಿದು ಬೈದು ಹೋಗಿದ್ದರು. ಅಪ್ಪ ಒಂದು ಸಲ ತಿರುಗಿಸಿ ನೋಡಿದ, ಕಾದ, ಅದು ತಿರುಗಿದ ಮೇಲೆ ತಲೆಯಾಡಿಸಿದ. ನಾನು ತಪ್ಪೊಪ್ಪಿಕೊಳ್ಳುವವನ ಹಾಗೆ, ಯಂತ್ರ ಸ್ವಲ್ಪ ನಿಧಾನ ಎಂದೆ.

"ಎಂತ ನಿಧಾನ," ಅಂದ. "ಬೋಟು ಯಾವತ್ತು ಹೇಳ್ದ ಕೂಡ್ಲೆ ಕೇಳ್ತದೆ?"

ಅಷ್ಟೇ. ಮುಂದೆ ಬರುವ ಅಲೆಗೆ ಈಗಲೇ ತಿರುಗಿಸುತ್ತ, ಕಾಯುತ್ತ, ತಿರುಗಿಸುತ್ತ ಹೊರಟ. ಹಿಂದೆ ನಿಂತ ನಾಲ್ವರು ಅವನ ಹೆಗಲ ಮೇಲಿಂದ ನೋಡುತ್ತಿದ್ದರು. ಎರಡನೆಯ ಅಲೆಗೆ ಒಬ್ಬ ಬೀಡಿ ಸೇದಿ ಬರುತ್ತೇನೆ ಎಂದು ಹೊರಗೆ ಹೋದ. ಅವನು ಬೀಡಿ ಸೇದುವವನಲ್ಲ. ನಾಲ್ಕನೆಯ ಅಲೆಗೆ ಇನ್ನೊಬ್ಬ ಏನೂ ಹೇಳದೆ ಹೋದ. ಉಳಿದ ಇಬ್ಬರು ಒಟ್ಟಿಗೇ ಓಡಿದರು. ಮೂವತ್ತು ವರ್ಷ ಸಮುದ್ರ ಕಂಡವರು ನಾಲ್ವರೂ ಮಳೆಯಲ್ಲಿ ಗಟಾರಕ್ಕೆ ಬಗ್ಗಿ ನಿಂತರು. ಅಪ್ಪ ಮಾತ್ರ ಕಲ್ಲಿನ ಹಾಗೆ ಕೂತು ಬೋಟನ್ನು ಬಂದರಿಗೆ ಮುಟ್ಟಿಸಿದ. ಆ ಗೇಮನ್ನು ನನ್ನ ಅಂಗಡಿಯಲ್ಲಿ ಮುಗಿಸಿದವನು ಅವನೊಬ್ಬನೇ.

ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಇಂಥವನ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆ ಅನ್ನಿಸಿತು. ನಾನೂ ಒಮ್ಮೆ ನೋಡುತ್ತೇನೆ ಎಂದು ಕುರ್ಚಿಯಲ್ಲಿ ಕೂತೆ. ಅಪ್ಪ ಹಿಂದೆ ನಿಂತ. ಅವನು ಮಾಡಿದ ಹಾಗೇ ಮುಂದೆ ನೋಡಿ, ಮೊದಲೇ ತಿರುಗಿಸಿ, ಕಾದೆ. ಆಶ್ಚರ್ಯವೆಂದರೆ ನನಗೆ ಏನೂ ಆಗಲಿಲ್ಲ. ಮೂರು ಅಲೆ ದಾಟಿದೆ. ಆಗ ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು, ಗಟ್ಟಿಯಾಗಿ ಹಿಡಿಯಿತು. ಮೆಚ್ಚಿ ಹಿಡಿದನೆಂದು ಕಣ್ಣು ತುಂಬಿ ತಿರುಗಿದೆ. ಅಪ್ಪನ ಮುಖ ಹುಣಸೆ ಎಲೆಯ ಬಣ್ಣಕ್ಕೆ ತಿರುಗಿತ್ತು. "ಬುಟ್ಟಿ ಎಲ್ಲದೆ?" ಅಂದ.

ಬುಟ್ಟಿ ಕೊಟ್ಟು ಬೆನ್ನು ಸವರಿದೆ. ಸುಧಾರಿಸಿಕೊಂಡ ಮೇಲೆ ಅವನು ಮೊದಲು ಬಾಗಿಲ ಕಡೆ ನೋಡಿದ. ಖಲಾಸಿಗಳು ಇನ್ನೂ ಹೊರಗೇ ಇದ್ದರು.

"ಅವ್ರಿಗೆ ಹೇಳೂಕೆ ಹೋಗ್ಬೇಡ," ಅಂದ. ಆಮೇಲೆ ತಗ್ಗಿದ ದನಿಯಲ್ಲಿ, ತಾನು ಖಲಾಸಿಯಾಗಿದ್ದಾಗ ಮೂರು ವರ್ಷ ದಿನವೂ ಹೀಗೇ ಆಗುತ್ತಿತ್ತು ಎಂದ. ಸ್ಟೇರಿಂಗ್ ಹಿಡಿದರೆ ಮಾತ್ರ ಆಗುವುದಿಲ್ಲ, ಹಿಡಿದವನಿಗೆ ಮುಂದಿನ ಅಲೆ ಗೊತ್ತಿರುತ್ತದೆ ಎಂದ. ಅದಕ್ಕೇ ಹಟ ಹಿಡಿದು ತಾಂಡೇಲನಾದದ್ದು, ಅದಕ್ಕೇ ಇಷ್ಟು ವರ್ಷ ಸ್ಟೇರಿಂಗನ್ನು ಒಬ್ಬರ ಕೈಗೂ ಕೊಡದೆ ಇದ್ದದ್ದು. "ನಿಂಗೂ ಅವತ್ತೇ ಕೊಟ್ಟಿದ್ರೆ ನೀನೂ ತಾಂಡೇಲ ಆಗ್ತಿದ್ದೆ," ಅಂದ.

ನಾನು ಬುಟ್ಟಿ ಪಕ್ಕಕ್ಕೆ ಸರಿಸಿ ಅವನೆದುರು ಕೂತೆ. ಇಷ್ಟು ವರ್ಷ ನಾನೊಬ್ಬನೇ ಕೆಟ್ಟು ಹುಟ್ಟಿದವನು ಎಂದುಕೊಂಡಿದ್ದೆ. ಹಾಗಾದರೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ.

ಅಪ್ಪ ಬಾಯಿ ಒರೆಸಿಕೊಂಡು, ನಾನು ಏನೋ ದಡ್ಡ ಪ್ರಶ್ನೆ ಕೇಳಿದವನ ಹಾಗೆ ನನ್ನ ಮುಖ ನೋಡಿದ.

"ಕೊಟ್ಟಿದ್ರೆ ಅವತ್ತು ನಿನ್ನ ಬದ್ಲಿಗೆ ನನ್ನೇ ಇಳಿಸ್ತಿದ್ರು."