ಕೆಂಪು ಗುಂಡಿಯ ಧೈರ್ಯ

ಅರೆಬರೆ ತಿಳಿದುಕೊಂಡು ಪಂಡಿತರಂತೆ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಂಥವರು ಎಲ್ಲ ಕಡೆಯೂ ಇದ್ದಾರೆ, ನಮ್ಮ ಕಚೇರಿಯಲ್ಲಿ ಸ್ವಲ್ಪ ಹೆಚ್ಚು. ಮಿಕ್ಸಿ, ಗ್ರೈಂಡರ್ ಕೆಟ್ಟರೆ ಜನ ಫೋನ್ ಮಾಡುವ ನಂಜನಗೂಡಿನ ಕಾಲ್ ಸೆಂಟರ್ ನಮ್ಮದು. ಹನ್ನೆರಡು ಜನ ಕೂತು ಮಾತಾಡುತ್ತಾರೆ, ನಾನು ಅವರ ಬೆನ್ನ ಹಿಂದೆ ಮುಖ ಗಂಟಿಕ್ಕಿಕೊಂಡು ಓಡಾಡುತ್ತೇನೆ. ಇದಕ್ಕೆ ಮೇಲ್ವಿಚಾರಣೆ ಎನ್ನುತ್ತಾರೆ.

ಹೋದ ವರ್ಷ ಹೆಡ್ ಆಫೀಸಿನಿಂದ ಟೈ ಕಟ್ಟಿದ ಮಹಾಶಯನೊಬ್ಬ ಬಂದ. ರಿಪೇರಿ ದುಡ್ಡು ಕಟ್ಟಲು ಗ್ರಾಹಕರು ಹೇಳುವ ಬ್ಯಾಂಕ್ ಕಾರ್ಡ್ ನಂಬರ್ ರೆಕಾರ್ಡಿಂಗಿನಲ್ಲಿ ಉಳಿಯಬಾರದಂತೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಅದು ಕೆಂಪಾಗಿ, ವೆಬ್ ಎಪಿಐ ಎಂಬುದರ ಮೂಲಕ ರೆಕಾರ್ಡ್ ಮಾಡುವ ಯಂತ್ರಕ್ಕೆ ಅಪ್ಪಣೆ ಹೋಗಿ, ಅಷ್ಟು ಮಾತಿಗೆ ಮುಸುಕು ಬೀಳುತ್ತದಂತೆ. ಇನ್ನೊಮ್ಮೆ ಒತ್ತಿದರೆ ಮುಸುಕು ಸರಿಯುತ್ತದಂತೆ. ಇಷ್ಟು ಹೇಳಲು ಆತ ಅರ್ಧ ದಿನ ತೆಗೆದುಕೊಂಡ. ನಾನು ಆಕಳಿಸಿಕೊಂಡೇ ಕೂತಿದ್ದೆ. ಆತ ಅತ್ತ ಹೋದಮೇಲೆ ನಮ್ಮವರಿಗೆ ಒಂದೇ ಮಾತಿನಲ್ಲಿ ಮುಗಿಸಿದೆ: "ಗುಂಡಿ ಕೆಂಪಾದ್ರೆ ಏನ್ ಮಾತಾಡಿದ್ರೂ ಯಾರಿಗೂ ಕೇಳ್ಸಲ್ಲ ಕಣ್ರೀ!" ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಅಂದಿನಿಂದ ಗುಂಡಿ ಕೆಂಪಾಯಿತೆಂದರೆ ಕಾಫಿಯ ವಿಚಾರ, ಸೊಸೆಯರ ವಿಚಾರ ಎಲ್ಲ ಧಾರಾಳವಾಗಿ ಹೊರಬೀಳುತ್ತಿತ್ತು.

ಒಂದು ದಿನ ಟಿ. ನರಸೀಪುರದ ಪುಟ್ಟಮಾದಪ್ಪ ಎಂಬುವವರ ಕರೆ ಬಂತು. ತೆಗೆದುಕೊಂಡವಳು ಕಳಲೆಯ ನಾಗರತ್ನ. ಗುಂಡಿ ಒತ್ತಿ ಕಾರ್ಡ್ ನಂಬರ್ ಕೇಳಿದಳು. ನಮ್ಮ ಕಡೆಯವರಿಗೆ ಅಂಕಿ ಕೇಳಿದರೆ ಅಂಕಿ ಹೇಳುವ ಅಭ್ಯಾಸವೆಲ್ಲಿ? ಪುಟ್ಟಮಾದಪ್ಪ ಶುರುಮಾಡಿದರು: "ನಿಂದ್ಯಾವೂರವ್ವಾ? ಕಳ್ಲೆನಾ? ನಮ್ಮತ್ತೆ ಊರು ಕಣವ್ವಾ!" ನಾಲ್ಕು ಅಂಕಿಯಾದಮೇಲೆ, "ತಡ್ಕವ್ವಾ, ಕನ್ನಡ್ಕ ಎಲ್ ಮಡ್ಗಿದೀನೋ." ಹತ್ತಿರ ನಿಂತು ಇನ್ನೊಂದು ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ನನಗೆ ರೇಗಿಹೋಯಿತು. ಗುಂಡಿ ಕೆಂಪಾಗಿದೆ ಎಂದು ಖಾತ್ರಿ ಮಾಡಿಕೊಂಡು, ಅವಳ ಮೈಕಿನ ಪಕ್ಕದಲ್ಲೇ ಬಗ್ಗಿ, "ಈ ಎಮ್ಮೆ ನಂಬರ್ ಹೇಳೋದ್ರಲ್ಲಿ ನಾನು ನರಸೀಪುರಕ್ಕೆ ನಡ್ಕೊಂಡೋಗಿ ಬರ್ತೀನಿ" ಎಂದೆ.

ಮುಸುಕು ಬೀಳುವುದು ರೆಕಾರ್ಡಿಂಗಿಗೆ ಮಾತ್ರ, ಫೋನಿನ ಆ ತುದಿಯ ಕಿವಿಗಲ್ಲ ಎಂಬುದು ನನಗೆ ತಿಳಿದದ್ದು ಮೂರನೆಯ ದಿನ, ದೂರು ಬಂದಾಗ. ನಿಮ್ಮವರು ನನ್ನನ್ನು ಎಮ್ಮೆ ಅಂದರು ಎಂದು ಪುಟ್ಟಮಾದಪ್ಪ ಬರೆಸಿ ಕಳಿಸಿದ್ದರು. ಮ್ಯಾನೇಜರ್ ರೆಕಾರ್ಡಿಂಗ್ ಹಾಕಿಸಿದರು. ಬೇಕಾದ ಜಾಗದಲ್ಲಿ ಬರೀ ಮೌನ. ಕರೆ ನಾಗರತ್ನಳ ಹೆಸರಿನಲ್ಲಿತ್ತು, ತಪ್ಪೂ ಅವಳ ತಲೆಗೇ ಬಂತು. ಸೋಮವಾರದಿಂದ ಕೆಲಸಕ್ಕೆ ಬರಬೇಡ ಎಂದರು. ಅವಳು ಹೊರಗೆ ನನ್ನನ್ನು ನಿಲ್ಲಿಸಿ, "ಸಾ, ನಾನಂತೂ ನಿಮ್ಮೆಸ್ರು ಯೋಳಲ್ಲ. ನೀವೇ ಯೋಳ್ಬುಡಿ ಸಾ" ಎಂದಳು. ನಾನು ಗಂಭೀರವಾಗಿ, "ನೋಡೋಣಮ್ಮ" ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಮ್ಯಾನೇಜರ್ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. "ನೀವು ಹಿರಿಯರು, ಕಚೇರಿ ಪರವಾಗಿ ಆ ಯಜಮಾನರ ಕ್ಷಮೆ ಕೇಳಿಬಿಡಿ" ಎಂದು ನನ್ನ ಕೈಗೇ ಫೋನ್ ಕೊಟ್ಟು ಸ್ಪೀಕರ್ ಹಾಕಿದರು. ನಾನು ಗಂಟಲು ಸರಿಮಾಡಿಕೊಂಡು, ದನಿಗೆ ಬೆಣ್ಣೆ ಹಚ್ಚಿ, "ನಮಸ್ಕಾರ ಪುಟ್ಟಮಾದಪ್ಪನವರೇ, ನಮ್ಮ ಹುಡುಗಿಯಿಂದ ಒಂದು ತಪ್ಪು ನಡೆದುಹೋಗಿದೆ" ಎಂದೆ.

"ಉಡ್ಗೀದಲ್ಲ ಕಣಪ್ಪಾ," ಆ ಕಡೆಯಿಂದ ಸಾವಧಾನವಾಗಿ ಬಂತು. "ಆ ಮಗ ಬಂಗಾರದಂಗೆ ಮಾತಾಡ್ತು. ಎಮ್ಮೆ ಅಂದಿದ್ದು ಇದೇ ದನಿ. ಅದ್ಸರಿ, ನರಸೀಪುರುಕ್ಕೆ ನಡ್ಕಂಡು ಯಾವಾಗ್ ಬತ್ತೀಯ?"

ನಾಗರತ್ನ ನೆಲ ನೋಡಿದಳು. ಮ್ಯಾನೇಜರ್ ನನ್ನನ್ನು ನೋಡಿದರು. ನಾನು ಗುಂಡಿ ಹುಡುಕಿದೆ. ಮ್ಯಾನೇಜರ್ ಫೋನಿನಲ್ಲಿ ಅದು ಇರಲಿಲ್ಲ.